ಕಣ್ಣಿಗೆ ಬಯಲು ಬೇಕು

ಓದುಗರ ಪ್ರಶ್ನೆ, ವೈದ್ಯರ ಉತ್ತರ

ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳಿಂದ ಈ ಸಲ ಬಂದ ಪತ್ರಗಳಲ್ಲಿ ಮಕ್ಕಳ ಮೊಬೈಲ್ ವಿಚಾರದವೇ ಹೆಚ್ಚು. ಒಂದೇ ಬಗೆಯವನ್ನು ಕೂಡಿಸಿ ಏಳನ್ನು ಆರಿಸಿದ್ದೇವೆ. ಕಣ್ಣಿನ ವೈದ್ಯರು, ಮಕ್ಕಳ ವೈದ್ಯರು ಸೇರಿ ಉತ್ತರ ಬರೆದಿದ್ದಾರೆ.

ನನ್ನ ಮಗ ನಾಲ್ಕನೇ ಇಯತ್ತೆ. ಬೋರ್ಡ್ ಮೇಲಿನ ಅಕ್ಷರ ಕಾಣಸೂದಿಲ್ಲ ಅಂದ. ಚಷ್ಮಾ ಅಂಗಡಿಯಲ್ಲಿ ಮಷೀನ್ ಹಚ್ಚಿ ನೋಡಿ ಎರಡೂ ಕಣ್ಣಿಗೆ ಮೈನಸ್ 1.25 ಅಂದರು. ಮೊಬೈಲ್ ಪೂರಾ ಬಿಡಿಸಿದರೆ ನಂಬರ್ ಹೋಗುತ್ತದೆಯೇ? ಈಗಲೇ ಚಷ್ಮಾ ಹಾಕಿದರೆ ನಂಬರ್ ಏರುತ್ತಾ ಹೋಗುತ್ತದೆ ಅಂತ ಅತ್ತೆಯವರು ಹೇಳುತ್ತಾರೆ. ಆರು ವರ್ಷದ ಮಗಳೂ ಇದ್ದಾಳೆ.
— ಒಬ್ಬ ತಾಯಿ, ಬನಹಟ್ಟಿ

ತಾಯಿ, ಬಂದ ಮೈನಸ್ ನಂಬರ್ ಮೊಬೈಲ್ ಬಿಟ್ಟ ಮಾತ್ರಕ್ಕೆ ಹೋಗುವುದಿಲ್ಲ. ಚಷ್ಮಾ ಹಾಕಿದ್ದಕ್ಕೆ ಅದು ಏರುವುದೂ ಇಲ್ಲ. ಹುಟ್ಟಿದಾಗ ಕಣ್ಣುಗುಡ್ಡೆಯ ಉದ್ದ ಸುಮಾರು 17 ಮಿ.ಮೀ., ದೊಡ್ಡವರಾದಾಗ ಸುಮಾರು 24 ಮಿ.ಮೀ. ಬೆಳೆಯುವಾಗ ಗುಡ್ಡೆ ಬೇಕಾದುದಕ್ಕಿಂತ ಉದ್ದವಾದರೆ ದೂರದ ಚಿತ್ರ ಕಣ್ಣಿನ ಹಿಂಪರದೆಯ ಮೇಲೆ ಬೀಳದೆ ಅದರ ಮುಂದೆಯೇ ಬೀಳುತ್ತದೆ, ಬೋರ್ಡ್ ಮಸಕಾಗುತ್ತದೆ. 1 ಮಿ.ಮೀ. ಹೆಚ್ಚು ಬೆಳೆದರೆ ಎರಡೂವರೆಯಿಂದ ಮೂರು ನಂಬರ್. ಬೆಳೆದ ಗುಡ್ಡೆ ಮತ್ತೆ ಗಿಡ್ಡ ಆಗುವುದಿಲ್ಲ. ಹತ್ತು-ಹನ್ನೆರಡನೇ ವಯಸ್ಸಿನಲ್ಲಿ ಮೈ ಬೆಳೆದ ಹಾಗೆ ಗುಡ್ಡೆಯೂ ಬೆಳೆಯುವುದರಿಂದ ನಂಬರ್ ಏರುತ್ತದೆ. ಚಷ್ಮಾ ಅದೇ ಹೊತ್ತಿಗೆ ಬಂದಿರುತ್ತದೆ, ಅಪವಾದ ಅದರ ಮೇಲೆ ಬರುತ್ತದೆ. ಬೇಕೆಂದೇ ಕಡಿಮೆ ನಂಬರಿನ ಗಾಜು ಹಾಕಿಸುವುದರಿಂದಲೂ ಲಾಭವಿಲ್ಲ. ಪೂರ್ತಿ ನಂಬರಿನದೇ ಹಾಕಿಸಿ, ಶಾಲೆಯಲ್ಲಿ ತೆಗೆಯದಂತೆ ನೋಡಿಕೊಳ್ಳಿ.

ಆದರೆ ಅಂಗಡಿಯ ಮಷೀನಿನ ನಂಬರನ್ನೇ ನಂಬಿ ಗಾಜು ಕೊಯ್ಯಿಸಬೇಡಿ. ಮಕ್ಕಳ ಕಣ್ಣಿನೊಳಗಿನ ಸ್ನಾಯು ಬಹಳ ಚುರುಕು. ಮಷೀನಿನೊಳಗಿನ ಚಿತ್ರ ಹತ್ತಿರದಲ್ಲಿದೆ ಎಂದು ಅದು ಬಿಗಿ ಹಿಡಿದರೆ ಇಲ್ಲದ ಮೈನಸ್ ಕಾಣುತ್ತದೆ, ಇರುವುದು ಹೆಚ್ಚಾಗಿ ಕಾಣುತ್ತದೆ. ಕಣ್ಣಿನ ವೈದ್ಯರು ಹನಿ ಹಾಕಿ ಆ ಸ್ನಾಯುವನ್ನು ಸಡಿಲಿಸಿ ನೋಡಿದಾಗಲೇ ನಿಜವಾದ ನಂಬರ್ ಗೊತ್ತಾಗುವುದು. ಹನಿ ಹಾಕಿದ ಮೇಲೆ ಒಂದು ದಿನ, ಕೆಲವು ಔಷಧಕ್ಕೆ ಇನ್ನೂ ಹೆಚ್ಚು ದಿನ, ಓದಲು ಮಸಕಾಗುತ್ತದೆ, ಬಿಸಿಲು ಚುಚ್ಚುತ್ತದೆ. ಪರೀಕ್ಷೆಯ ದಿನಗಳನ್ನು ಬಿಟ್ಟು ಹೋಗಿ.

ಇನ್ನು ಮೊಬೈಲ್. ಅದರ ಬೆಳಕಿಗಿಂತ ಮಗು ಅದನ್ನು ಹಿಡಿಯುವ ದೂರ ದೊಡ್ಡ ತೊಂದರೆ. ಮಲಗಿ ನೋಡುವ ಹುಡುಗನ ಕೈಯಲ್ಲಿ ಫೋನು ಮೂಗಿನಿಂದ ಒಂದು ಗೇಣೂ ದೂರ ಇರುವುದಿಲ್ಲ. 20 ಸೆಂ.ಮೀ. ದೂರಕ್ಕೆ ಕಣ್ಣು 5 ಡಯಾಪ್ಟರ್ (ಚಷ್ಮಾದ ನಂಬರ್ ಅಳೆಯುವ ಮಾನವೇ ಇದು) ದುಡಿಯಬೇಕು, 33 ಸೆಂ.ಮೀ.ಗೆ 3. ಅದೇ ಚಿತ್ರವನ್ನು 2 ಮೀಟರ್ ದೂರದ ಟಿವಿಯಲ್ಲಿ ನೋಡಿದರೆ ಅರ್ಧ ಡಯಾಪ್ಟರ್ ಸಾಕು. ಪುಸ್ತಕಕ್ಕೂ ಲೆಕ್ಕ ಇದೇ. ಮುಷ್ಟಿ ಕಟ್ಟಿ ಗಲ್ಲಕ್ಕೆ ಹಚ್ಚಿಸಿ. ಮೊಣಕೈ ಎಲ್ಲಿ ಬರುತ್ತದೋ ಅದಕ್ಕಿಂತ ಹತ್ತಿರ ಪುಸ್ತಕ ಬರಬಾರದು. ಮಗುವಿನ ಕೈಯೇ ಅದರ ಅಳತೆಗೋಲು.

ಎರಡನೆಯದು ಬಿಸಿಲ ಬೆಳಕು. ಹೊರಗಿನ ಬೆಳಕಿಗೆ ಕಣ್ಣಿನ ಹಿಂಪರದೆಯಲ್ಲಿ ಡೋಪಮಿನ್ ಎಂಬ ರಸ ಹೆಚ್ಚುತ್ತದೆ, ಅದು ಗುಡ್ಡೆ ಅತಿಯಾಗಿ ಉದ್ದವಾಗುವುದನ್ನು ತಡೆಯುತ್ತದೆ. ಟ್ಯೂಬ್‌ಲೈಟ್ ಹಚ್ಚಿದ ಮನೆಯೊಳಗೆ 200–300 ಲಕ್ಸ್ ಬೆಳಕು. ಹೊರಗೆ ಬೇವಿನ ಗಿಡದ ನೆರಳಲ್ಲೇ ಸಾವಿರಗಟ್ಟಲೆ. ಬಿಸಿಲಿಗೆ ಬಂದರೆ ಲಕ್ಷದ ಹತ್ತಿರ. ಚೀನಾದ ಗುವಾಂಗ್‌ಝೌ ನಗರದಲ್ಲಿ ಒಂದನೇ ತರಗತಿಯ ಮಕ್ಕಳಿಗೆ ಶಾಲೆಯ ದಿನಗಳಲ್ಲಿ 40 ನಿಮಿಷ ಹೆಚ್ಚಿಗೆ ಹೊರಗಿನ ಚಟುವಟಿಕೆ ಕೊಟ್ಟು ಮೂರು ವರ್ಷ ನೋಡಿದರು. ಹಾಗೆ ಕೊಡದ ಶಾಲೆಗಳಲ್ಲಿ ನೂರಕ್ಕೆ 39.5 ಮಕ್ಕಳಿಗೆ ಹೊಸದಾಗಿ ಮೈನಸ್ ಬಂತು, ಕೊಟ್ಟ ಶಾಲೆಗಳಲ್ಲಿ 30.4. ಇದು 2015ರಲ್ಲಿ ಪ್ರಕಟವಾಯಿತು.

ಇದರಲ್ಲಿ ಒಂದು ಸೂಕ್ಷ್ಮವಿದೆ. ನಂಬರ್ ಬರದಂತೆ ತಡೆಯುವಲ್ಲಿ ಬಯಲಿಗೆ ಇರುವ ಬಲ, ಬಂದ ನಂಬರ್ ಏರದಂತೆ ಹಿಡಿಯುವಲ್ಲಿ ಇಲ್ಲ. ಹಾಗಾಗಿ ಇದು ಮಗನಿಗಿಂತ ಹೆಚ್ಚಾಗಿ ನಿಮ್ಮ ಆರು ವರ್ಷದ ಮಗಳಿಗೆ ಬೇಕಾದ ಮದ್ದು. ದಿನಕ್ಕೆ ಎರಡು ತಾಸು ಹೊರಗೆ. ಒಂದೇ ಸಲ ಆಗಬೇಕೆಂದಿಲ್ಲ: ಮುಂಜಾನೆ ಅರ್ಧ ತಾಸು, ಶಾಲೆಯ ಬಿಡುವಿನಲ್ಲಿ ಅರ್ಧ, ಸಂಜೆ ಕತ್ತಲಾಗುವ ಮೊದಲು ಒಂದು ತಾಸು. ಬೇಸಿಗೆಯಲ್ಲಿ ಹನ್ನೊಂದರಿಂದ ನಾಲ್ಕರವರೆಗೆ ಹೊರಗೆ ಬಿಡಬೇಡಿ. ಟೊಪ್ಪಿಗೆ ಹಾಕಿದರೂ, ನೆರಳಿನಲ್ಲಿದ್ದರೂ ಕಣ್ಣಿಗೆ ಸಾಕಷ್ಟು ಬೆಳಕು ಸಿಗುತ್ತದೆ. ಮನೆಯಲ್ಲೇ ಮಗ್ಗ ಇರುವ ಕಡೆ ಮಕ್ಕಳು ಶಾಲೆಯಿಂದ ಬಂದವರು ಒಳಗಿನ ಮಂದ ಬೆಳಕಿನಲ್ಲೇ ಸಂಜೆ ಕಳೆಯುತ್ತಾರೆ. ಹೋಂವರ್ಕನ್ನಾದರೂ ಹೊರಗಿನ ಕಟ್ಟೆಯ ಮೇಲೆ ಮಾಡಿಸಿ.

ಮಗನಿಗೆ ಆರು ತಿಂಗಳಿಗೊಮ್ಮೆ ತಪಾಸಣೆ ಇರಲಿ. ವರ್ಷಕ್ಕೆ ಅರ್ಧ ನಂಬರಿಗಿಂತ ಹೆಚ್ಚು ಏರಿದರೆ, ಏರಿಕೆ ನಿಧಾನಿಸಲು ಅತಿ ಕಡಿಮೆ ಪ್ರಮಾಣದ ಅಟ್ರೋಪಿನ್ ಹನಿ ಬೇಕೇ ಎಂದು ವೈದ್ಯರನ್ನು ಕೇಳಿ. ನಂಬರ್ ಮೈನಸ್ 6 ದಾಟಿದ ಕಣ್ಣಿಗೆ ಮುಂದೆ ಹಿಂಪರದೆ ಕಳಚುವ ಅಪಾಯ ಹೆಚ್ಚು. ಅಲ್ಲಿಗೆ ಮುಟ್ಟದಂತೆ ನೋಡಿಕೊಳ್ಳುವುದಕ್ಕೇ ಈ ಎಲ್ಲ ಕಾಳಜಿ.

ನಮ್ಮ ಶಾಲೆಯ ಏಳೆಂಟು ಹುಡುಗರು ಫೆಬ್ರವರಿ ಬಂತೆಂದರೆ ಕಣ್ಣು ತಿಕ್ಕುತ್ತಲೇ ಇರುತ್ತಾರೆ. ಕಣ್ಣು ಕೆಂಪು, ಬೆಳಕಿಗೆ ಮುಖ ಎತ್ತುವುದಿಲ್ಲ. ಪಾಲಕರು ಮೊಬೈಲಿನಿಂದ ಅನ್ನುತ್ತಾರೆ. ಮೆಡಿಕಲ್‌ನಿಂದ ತಂದ ಹನಿ ಹಾಕಿದರೆ ಎರಡು ದಿನದಲ್ಲಿ ಆರಾಮಾಗಿ ಮತ್ತೆ ಬರುತ್ತದೆ.
— ಪ್ರಾಥಮಿಕ ಶಾಲೆಯ ಶಿಕ್ಷಕರು, ಇಂಡಿ ತಾಲೂಕು

ಗುರುಗಳೇ, ಇಷ್ಟು ಸರಿಯಾಗಿ ಗಮನಿಸಿ ಬರೆದಿದ್ದೀರಿ, ಇದು ಕೆಲವು ಮಕ್ಕಳ ದೃಷ್ಟಿ ಉಳಿಸಬಹುದು. ಇದು ಮೊಬೈಲಿನ ರೋಗವಲ್ಲ. ಬಿಸಿಲು, ಒಣಗಾಳಿ, ಧೂಳು ಇರುವ ಸೀಮೆಯಲ್ಲಿ 5ರಿಂದ 15 ವರ್ಷದ ಮಕ್ಕಳಿಗೆ, ಅದರಲ್ಲೂ ಹುಡುಗರಿಗೆ, ಬರುವ ಕಣ್ಣಿನ ಅಲರ್ಜಿ ಇದಾಗಿರುವ ಸಂಭವ ಹೆಚ್ಚು. ಗುರುತು ಹಿಡಿಯಲು ಒಂದು ಪ್ರಶ್ನೆ ಸಾಕು: "ಕಣ್ಣು ಉರಿಯುತ್ತದೋ, ತುರಿಸುತ್ತದೋ?" ಸ್ಕ್ರೀನ್ ನೋಡಿ ಒಣಗಿದ ಕಣ್ಣು ಉರಿಯುತ್ತದೆ, ಮರಳು ಬಿದ್ದಂತಾಗುತ್ತದೆ. ಅಲರ್ಜಿಯ ಕಣ್ಣು ತುರಿಸುತ್ತದೆ, ತಿಕ್ಕಿದಷ್ಟೂ ತುರಿಸುತ್ತದೆ. ಮುಂಜಾನೆ ಕೆಳರೆಪ್ಪೆ ಜಗ್ಗಿ ನೋಡಿದರೆ ಬಿಳಿ ಪಿಸುರು ನೂಲಿನೆಳೆಯಂತೆ ಎದ್ದು ಬರುತ್ತದೆ. ಬಹಳ ದಿನದ್ದಾದರೆ ಕಣ್ಣಿನ ಬಿಳಿಭಾಗ ರಾಡಿ ನೀರಿನ ಬಣ್ಣಕ್ಕೆ ತಿರುಗಿರುತ್ತದೆ. ಕಣ್ಣು ಬೇನೆಯಂತೆ ಇದು ಒಬ್ಬರಿಂದೊಬ್ಬರಿಗೆ ಹತ್ತುವುದಿಲ್ಲ. ಮಗುವನ್ನು ಬೇರೆ ಕೂರಿಸಬೇಡಿ.

ಹೆದರಬೇಕಾದದ್ದು ಆ ಮೆಡಿಕಲ್ ಹನಿಗೆ. ಎರಡು ದಿನದಲ್ಲಿ ಆರಾಮ ಆಗುತ್ತದೆ ಎಂದರೆ ಅದರಲ್ಲಿ ಸ್ಟೀರಾಯ್ಡ್ ಇರುವ ಸಾಧ್ಯತೆ ಇದೆ. ಬಾಟಲಿಯ ಮೇಲೆ ಡೆಕ್ಸಾಮೆಥಸೋನ್, ಬೀಟಾಮೆಥಸೋನ್, ಪ್ರೆಡ್ನಿಸೋಲೋನ್ ಎಂಬ ಹೆಸರಿದೆಯೇ ನೋಡಿ. ವೈದ್ಯರ ಕಣ್ಗಾವಲಿನಲ್ಲಿ ಕೆಲವು ದಿನ ಹಾಕುವ ಔಷಧ ಅದು. ವರ್ಷಗಟ್ಟಲೆ ತಾವೇ ತಂದು ಹಾಕಿದರೆ ಕಣ್ಣಿನೊಳಗಿನ ಒತ್ತಡ ಏರಿ ನರ ಸಾಯುತ್ತದೆ. ನೋವಿಲ್ಲ, ಕೆಂಪಿಲ್ಲ, ಹುಡುಗನಿಗೆ ಬದಿಯಿಂದ ಬಂದವರು ಕಾಣದೆ ಢಿಕ್ಕಿ ಹೊಡೆಯತೊಡಗಿದಾಗ ತಿಳಿಯುತ್ತದೆ. ಸತ್ತ ನರ ಮರಳಿ ಬರುವುದಿಲ್ಲ. ಅದೇ ಹನಿಯಿಂದ ಎಳೆಯ ವಯಸ್ಸಿಗೇ ಮೋತಿಬಿಂದುವೂ ಬರುತ್ತದೆ. ಇನ್ನು ತಿಕ್ಕುವುದು. ತಿಕ್ಕಿ ತಿಕ್ಕಿ ಕರಿಗುಡ್ಡೆಯ ಮೇಲಿನ ಪಾರದರ್ಶಕ ಪದರ ತೆಳುವಾಗಿ ಶಂಕುವಿನಂತೆ ಮುಂದೆ ಚಾಚುತ್ತದೆ. ಅಂಥ ಮಗುವಿಗೆ ಚಷ್ಮಾದ ಅಡ್ಡ ನಂಬರ್ (ಸಿಲಿಂಡರ್) ಪದೇ ಪದೇ ಬದಲಾಗುತ್ತದೆ.

ಆ ಹುಡುಗರ ಹೆಸರು ಬರೆದು ಕಣ್ಣಿನ ವೈದ್ಯರಿಗೆ ತೋರಿಸಲು ಹೇಳಿ, ಈವರೆಗೆ ಹಾಕಿದ ಬಾಟಲಿಗಳನ್ನೂ ಒಯ್ಯಲಿ. ಸ್ಟೀರಾಯ್ಡ್ ಹಾಕಿದ್ದರೆ ಒತ್ತಡ ಅಳೆಯಲೇಬೇಕು. ಅಲರ್ಜಿ ತಡೆಯುವ ಬೇರೆ ಹನಿಗಳಿವೆ, ಅವನ್ನು ಸೀಸನ್ ಪೂರ್ತಿ ಹಾಕಬೇಕಾಗುತ್ತದೆ. ಎರಡು ದಿನದ ಆರಾಮ ಅವುಗಳಿಂದ ಸಿಗದು ಎಂದು ಪಾಲಕರಿಗೆ ಮೊದಲೇ ಹೇಳದಿದ್ದರೆ ಹಳೆಯ ಬಾಟಲಿಗೇ ಮರಳುತ್ತಾರೆ. ಶಾಲೆಯಲ್ಲಿ ತುರಿಕೆ ಎದ್ದರೆ ಗಡಿಗೆಯ ತಣ್ಣೀರಿನಲ್ಲಿ ಅದ್ದಿದ ಸ್ವಚ್ಛ ಬಟ್ಟೆಯನ್ನು ಮುಚ್ಚಿದ ಕಣ್ಣ ಮೇಲೆ ಐದು ನಿಮಿಷ ಇಡಿಸಿ. ಅಂಚಿರುವ ಟೊಪ್ಪಿಗೆ ಹಾಕಿಸಿ. ಹನಿ ಹಾಕುವಾಗ ಕೆಳರೆಪ್ಪೆ ಜಗ್ಗಿ ಒಂದೇ ಹನಿ. ಎರಡು ಔಷಧ ಇದ್ದರೆ ನಡುವೆ ಐದು ನಿಮಿಷ. ಒಡೆದ ಬಾಟಲಿ ತಿಂಗಳ ಮೇಲೆ ಚೆಲ್ಲಬೇಕು. ಈ ಅಲರ್ಜಿ ಹರೆಯದ ವಯಸ್ಸಿಗೆ ಸಾಮಾನ್ಯವಾಗಿ ತಾನೇ ತಗ್ಗುತ್ತದೆ. ಅಲ್ಲಿಯವರೆಗೆ ಕಣ್ಣು ಕೆಡದಂತೆ ಕಾಯಬೇಕು.

ಡಾಕ್ಟರ್ ಸಾಹೇಬ್ರ, ಮೂರು ವರ್ಷದ ಮೊಮ್ಮಗ ಮೊಬೈಲ್ ಮುಂದ ಹಿಡದ್ರ ಅಷ್ಟ ಬಾಯಿ ತೆರೀತಾನ. ಕಸಗೊಂಡ್ರ ತಾಟು ಒಗೀತಾನ. ಹಾಲು ಮಾತ್ರ ಎಷ್ಟ ಕೊಟ್ರೂ ಕುಡೀತಾನ. ಮಾತೂ ಇನ್ನ ಸರಿಯಾಗಿ ಬಂದಿಲ್ಲ. ಏನ ಮಾಡೂದು?
— ಒಬ್ಬ ಅಜ್ಜ, ಬೈಲಹೊಂಗಲ

ಅಜ್ಜಾರೆ, ಊಟ ಮತ್ತು ಮಾತು, ಎರಡನ್ನೂ ಬೇರೆ ಬೇರೆ ನೋಡೋಣ. ಭಾರತೀಯ ಮಕ್ಕಳ ವೈದ್ಯರ ಅಕಾಡೆಮಿಯ ಸಲಹೆ ಹೀಗಿದೆ: ಎರಡು ವರ್ಷದೊಳಗೆ ಸ್ಕ್ರೀನ್ ಬೇಡವೇ ಬೇಡ, ದೂರದ ಬಂಧುಗಳ ವಿಡಿಯೊ ಕಾಲ್ ಒಂದು ಬಿಟ್ಟು. ಎರಡರಿಂದ ಐದರವರೆಗೆ ದಿನಕ್ಕೆ ಹೆಚ್ಚೆಂದರೆ ಒಂದು ತಾಸು, ಅದೂ ದೊಡ್ಡವರು ಪಕ್ಕದಲ್ಲಿ ಕುಳಿತು. ಐದರಿಂದ ಹತ್ತರವರೆಗೆ ಎರಡು ತಾಸಿಗಿಂತ ಕಡಿಮೆ.

ಮೊಬೈಲ್ ನೋಡುತ್ತ ತಿನ್ನುವ ಕೂಸಿಗೆ ಹೊಟ್ಟೆ ತುಂಬಿದ್ದೂ ಗೊತ್ತಾಗುವುದಿಲ್ಲ, ಬಾಯಲ್ಲಿ ಏನಿದೆ ಎಂಬುದೂ ಗೊತ್ತಾಗುವುದಿಲ್ಲ, ಅಗಿಯದೆ ನುಂಗುತ್ತದೆ. ನಿಮ್ಮ ಮನೆಯಲ್ಲಿ ಮೊದಲು ಕಡಿಮೆ ಮಾಡಬೇಕಾದದ್ದು ಹಾಲು. ದಿನಕ್ಕೆ 400–500 ಮಿ.ಲೀ. ಮೀರಬಾರದು, ಅದೂ ಊಟದ ಮೇಲೆ, ಲೋಟದಲ್ಲಿ. ಹಾಲಿನಿಂದಲೇ ಹೊಟ್ಟೆ ತುಂಬಿದವನಿಗೆ ಹಸಿವು ಎಲ್ಲಿಂದ ಬರಬೇಕು? ರಕ್ತ ಕಡಿಮೆ ಆಗುವುದಕ್ಕೂ ಇದೇ ದಾರಿ. ಮೂರು ಊಟ, ಎರಡು ಸಣ್ಣ ತಿಂಡಿ. ನಡುವೆ ಎರಡು ಮೂರು ತಾಸು ನೀರು ಬಿಟ್ಟು ಏನೂ ಬೇಡ. ಬಿಸ್ಕೀಟು ಸಹ.

ಒಂದು ದಿನ ಗೊತ್ತುಮಾಡಿ ಮನೆಯವರೆಲ್ಲರೂ ಒಪ್ಪಿಕೊಳ್ಳಿ. ಅಂದಿನಿಂದ ಊಟಕ್ಕೆ ಕೂತಾಗ ಯಾರ ಕೈಯಲ್ಲೂ ಫೋನ್ ಇರಬಾರದು, ನಿಮ್ಮದೂ. ಅವನನ್ನೂ ನಿಮ್ಮ ಸಾಲಿನಲ್ಲೇ ಕೂರಿಸಿ ಸಣ್ಣ ತಾಟು ಕೊಡಿ. ಬ್ಯಾಳಿಯಲ್ಲಿ ನೆನೆಸಿದ ರೊಟ್ಟಿ, ಮೊಸರಲ್ಲಿ ಕಲಸಿದ ಶೇಂಗಾ ಹಿಂಡಿ, ಮೆತ್ತಗಿನ ಅನ್ನ, ಏನೇ ಇರಲಿ, ತಾನೇ ಕೈ ಹಾಕಿ ತಿನ್ನಲಿ, ಚೆಲ್ಲಲಿ. ಇಡೀ ಶೇಂಗಾ ಕಾಳು ಮಾತ್ರ ಐದು ವರ್ಷದವರೆಗೆ ಬೇಡ, ಗಂಟಲಿಗೆ ಸಿಕ್ಕೀತು. ಇಪ್ಪತ್ತು ಇಪ್ಪತ್ತೈದು ನಿಮಿಷ ಆದ ಮೇಲೆ ತಿಂದಿರಲಿ, ಬಿಟ್ಟಿರಲಿ, ಬೈಯದೆ ತಾಟು ಎತ್ತಿ. ಮೂರ್ನಾಲ್ಕು ದಿನ ಅಳುತ್ತಾನೆ, ಕಡಿಮೆ ತಿನ್ನುತ್ತಾನೆ. ಆರೋಗ್ಯವಾಗಿರುವ ಮಗುವಿಗೆ ಅದರಿಂದ ಹಾನಿಯಿಲ್ಲ. ಹೆಚ್ಚಿನ ಮನೆಗಳಲ್ಲಿ ಸೋಲುವುದು ಎರಡನೇ ದಿನ, ಕರುಳು ತಡೆಯದೆ ಯಾರೋ ಒಬ್ಬರು ಫೋನ್ ಕೊಟ್ಟಾಗ. ಅತ್ತರೆ ಸಿಗುತ್ತದೆ ಎಂದು ಒಮ್ಮೆ ಕಲಿತರೆ ಮುಂದಿನ ಸಲ ಇನ್ನೂ ಜೋರು ಅಳುತ್ತಾನೆ. ತೂಕವನ್ನು ಅಂಗನವಾಡಿಯಲ್ಲಿ ತಿಂಗಳಿಗೊಮ್ಮೆ ನೋಡಿಸಿ.

ಮಾತಿನ ವಿಚಾರಕ್ಕೆ ಕಾಯಬೇಡಿ. ಮೊಬೈಲ್ ಬಿಟ್ಟರೆ ತಾನೇ ಬರುತ್ತದೆ ಎಂದು ವರ್ಷ ಕಳೆದವರಿದ್ದಾರೆ, ಆಮೇಲೆ ನೋಡಿದರೆ ಮಗುವಿಗೆ ಕಿವಿ ಕೇಳುತ್ತಿರಲಿಲ್ಲ. ಮೂರು ವರ್ಷಕ್ಕೆ ಮೂರು ಪದ ಕೂಡಿಸಿ ಆಡಬೇಕು, ಹೆಸರು ಹಿಡಿದು ಕರೆದರೆ ತಿರುಗಬೇಕು. ಮಕ್ಕಳ ವೈದ್ಯರಿಗೆ ತೋರಿಸಿ ಕಿವಿ ಪರೀಕ್ಷೆ ಮಾಡಿಸಿ. ಮಕ್ಕಳ ಆರೋಗ್ಯ ತಪಾಸಣೆಗೆ ಅಂಗನವಾಡಿಗೆ ಬರುವ ಸರ್ಕಾರದ ಆರ್‌ಬಿಎಸ್‌ಕೆ (ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ) ತಂಡಕ್ಕೆ ಹೇಳಿದರೆ, ಬೆಳವಣಿಗೆ ತಡವಾದ ಮಕ್ಕಳನ್ನು ನೋಡುವ ಜಿಲ್ಲಾ ಕೇಂದ್ರಕ್ಕೆ ಕಳಿಸುತ್ತಾರೆ, ಅಲ್ಲಿ ಖರ್ಚಿಲ್ಲ.

ಮಗಳು ಎಸ್ಸೆಸ್ಸೆಲ್ಸಿ. ಪಾಠದ ವಿಡಿಯೊ ಮೊಬೈಲಲ್ಲೇ ನೋಡುತ್ತಾಳೆ, ರಾತ್ರಿ ಹನ್ನೆರಡಾಗುತ್ತದೆ. ತಲೆನೋವು, ಕುತ್ತಿಗೆ ನೋವು. ನೀಲಿ ಬೆಳಕು ತಡೆಯುವ ಚಷ್ಮಾ ಕೊಡಿಸಲೇ?
— ತಂದೆ, ಶಹಾಪುರ, ಬೆಳಗಾವಿ

ಬೇಡ. ಆ ಗಾಜಿನಿಂದ ಕಣ್ಣಿನ ಆಯಾಸ ಕಡಿಮೆಯಾಗುತ್ತದೆ ಎಂಬುದಕ್ಕೆ ಆಧಾರ ಸಿಕ್ಕಿಲ್ಲ. ವೈದ್ಯಕೀಯ ಅಧ್ಯಯನಗಳನ್ನು ಕೂಡಿಸಿ ತೂಗಿ ನೋಡುವ ಕಾಕ್ರೇನ್ ಸಂಸ್ಥೆಯ 2023ರ ಪರಿಶೀಲನೆಯೂ ಅದನ್ನೇ ಹೇಳಿತು. ಆ ದುಡ್ಡಿನಲ್ಲಿ ಒಂದು ಮೊಬೈಲ್ ಸ್ಟ್ಯಾಂಡು, ಒಂದು ಅಲಾರಾಂ ಗಡಿಯಾರ ತನ್ನಿ. ಮನೆಯ ಟಿವಿಗೆ ವಿಡಿಯೊ ಕಳಿಸಲು ಬಂದರೆ ಆರೇಳು ಅಡಿ ದೂರ ಕುಳಿತು ಅದರಲ್ಲೇ ನೋಡಲಿ.

ಮೊಬೈಲಲ್ಲೇ ನೋಡಬೇಕಾದರೆ ಅದು ಸ್ಟ್ಯಾಂಡಿನಲ್ಲಿ, ಕಣ್ಣಿನ ಮಟ್ಟಕ್ಕಿಂತ ಸ್ವಲ್ಪ ಕೆಳಗೆ, ಒಂದು ಮೊಳ ದೂರ ಇರಲಿ. ಪಾದ ನೆಲಕ್ಕೆ, ಬೆನ್ನು ಕುರ್ಚಿಗೆ. ತಲೆಯ ತೂಕ ಸುಮಾರು 5 ಕಿಲೊ. ಮಡಿಲಲ್ಲಿ ಫೋನಿಟ್ಟು 60 ಡಿಗ್ರಿ ಬಗ್ಗಿದರೆ ಕುತ್ತಿಗೆಯ ಮೇಲೆ ಬೀಳುವ ಭಾರ 27 ಕಿಲೊದಷ್ಟು ಎಂದು ಲೆಕ್ಕ ಹಾಕಿದ್ದಾರೆ. ಸಿಮೆಂಟ್ ಚೀಲದ ಅರ್ಧಕ್ಕಿಂತ ಹೆಚ್ಚು. ಕತ್ತಲಲ್ಲಿ ನೋಡುವುದು ಬೇಡ. ಪಕ್ಕದಲ್ಲಿ ಬಿಳಿ ಹಾಳೆ ಹಿಡಿದು, ಅದರಷ್ಟೇ ಬೆಳ್ಳಗೆ ಸ್ಕ್ರೀನ್ ಕಾಣುವಂತೆ ಬೆಳಕು ಇಳಿಸಿಕೊಳ್ಳಲಿ. ನಿಮಿಷಕ್ಕೆ ಸುಮಾರು 15 ಸಲ ಬಡಿಯುವ ರೆಪ್ಪೆ ಸ್ಕ್ರೀನ್ ಮುಂದೆ ಐದೇಳಕ್ಕೆ ಇಳಿಯುತ್ತದೆ, ಉರಿ ಶುರುವಾಗುವುದು ಅದರಿಂದ. ಫ್ಯಾನಿನ ಗಾಳಿ ಮುಖಕ್ಕೆ ನೇರ ಬಿದ್ದರೆ ಇನ್ನೂ ಬೇಗ. 20 ನಿಮಿಷಕ್ಕೊಮ್ಮೆ 20 ಅಡಿ ಆಚೆಯದನ್ನು 20 ಸೆಕೆಂಡು ನೋಡಬೇಕು. ಕೋಣೆಯೊಳಗೆ 20 ಅಡಿ ಸಿಗುವುದಿಲ್ಲ, ಕಿಟಕಿಯಿಂದ ಎದುರು ಮನೆಯ ಮಾಳಿಗೆ ನೋಡಲಿ.

ತಲೆನೋವಿಗೆ ಸಣ್ಣ ಪ್ಲಸ್ ನಂಬರೋ ಅಡ್ಡ ನಂಬರೋ ಕಾರಣವಿರಬಹುದು, ತಪಾಸಣೆ ಮಾಡಿಸಿ. ಮುಂಜಾನೆ ಏಳುವಾಗಲೇ ತಲೆನೋವು, ವಾಂತಿ, ಎರಡೆರಡಾಗಿ ಕಾಣುವುದು, ಇದ್ದಕ್ಕಿದ್ದಂತೆ ಮೆಳ್ಳಗಣ್ಣು, ಇವುಗಳಲ್ಲಿ ಒಂದಿದ್ದರೂ ಅಂದೇ ವೈದ್ಯರ ಹತ್ತಿರ ಹೋಗಿ. ಆದರೆ ಹನ್ನೆರಡರವರೆಗೆ ಎಚ್ಚರವಿದ್ದು ಐದಕ್ಕೆ ಏಳುವ ಹುಡುಗಿಗೆ ತಲೆನೋವಿಗೆ ಬೇರೆ ಕಾರಣ ಹುಡುಕಬೇಕಾಗಿಯೇ ಇಲ್ಲದಿರಬಹುದು. 13ರಿಂದ 18 ವರ್ಷದವರಿಗೆ 8ರಿಂದ 10 ತಾಸು ನಿದ್ದೆ ಬೇಕು. ಹಗಲು ಓದಿದ್ದು ನೆನಪಿನಲ್ಲಿ ಊರುವುದು ನಿದ್ದೆಯಲ್ಲಿ. ವಿಡಿಯೊ ಪಾಠ ಸಂಜೆಗೇ ಮುಗಿಯಲಿ, ರಾತ್ರಿ ಪುಸ್ತಕ, ನೋಟ್ಸ್. ಮಲಗುವ ಒಂದು ತಾಸು ಮೊದಲು ಮನೆಯ ಎಲ್ಲ ಫೋನುಗಳೂ ಪಡಸಾಲೆಯ ಒಂದೇ ಜಾಗದಲ್ಲಿ ಚಾರ್ಜಿಗೆ ಬೀಳಲಿ. "ಅಲಾರಾಂ ಬೇಕು" ಎಂಬ ನೆಪಕ್ಕೇ ಗಡಿಯಾರ ತನ್ನಿ ಎಂದದ್ದು.

ಹದಿಮೂರು ವರ್ಷದ ಮಗ ಗೇಮ್ ಬಿಡುವುದಿಲ್ಲ. ಫೋನ್ ಕಸಿದರೆ ಮೈಮೇಲೆ ಬರುತ್ತಾನೆ. ಅವರಪ್ಪ ಲಾರಿ ಮೇಲೆ ಇರುತ್ತಾರೆ, ಮನೆಯಲ್ಲಿ ನಾನೊಬ್ಬಳೇ.
— ತಾಯಿ, ಚಿಕ್ಕೋಡಿ

ಅಕ್ಕಾ, ಕೈಯಿಂದ ಕಸಿಯುವುದನ್ನು ಇಂದೇ ನಿಲ್ಲಿಸಿ. ಜಗಳ ಅಲ್ಲೇ ಹುಟ್ಟುತ್ತಿದೆ. ಆಟ ನಡುವೆ ನಿಂತರೆ ಜೊತೆಗಾರರ ಮುಂದೆ ಸೋತಂತೆ ಅವನಿಗೆ. ಗಡಿಯಾರದ ಬದಲು ಆಟದ ಲೆಕ್ಕ ಹಿಡಿಯಿರಿ: "ಇನ್ನೆರಡು ಮ್ಯಾಚ್, ಆಮೇಲೆ ಫೋನ್ ಕಪಾಟಿಗೆ." ಮೊದಲ ವಾರ ಏನೂ ಬದಲಿಸದೆ, ಫೋನಿನ ಸೆಟ್ಟಿಂಗ್ಸ್‌ನಲ್ಲಿ ಡಿಜಿಟಲ್ ವೆಲ್‌ಬೀಯಿಂಗ್ ತೆರೆದು ಆಟಕ್ಕೆ ದಿನಕ್ಕೆಷ್ಟು ಹೊತ್ತು ಹೋಗಿದೆ ಎಂದು ಇಬ್ಬರೂ ಕೂಡಿ ಬರೆದಿಡಿ. ಆಮೇಲೆ ಮೂರು ದಿನಕ್ಕೊಮ್ಮೆ ಕಾಲು ತಾಸು ಇಳಿಸಿ. ಆಟದ ನೋಟಿಫಿಕೇಶನ್ ಬಂದ್ ಮಾಡಿ. ಯುಪಿಐ ಪಿನ್ ಅವನಿಗೆ ಗೊತ್ತಿದ್ದರೆ ಬದಲಿಸಿ. ಇಳಿಸಿದ ಹೊತ್ತು ಖಾಲಿ ಉಳಿದರೆ ಆಟ ಮರಳುತ್ತದೆ. ಸಂಜೆ ನಾಲ್ಕೂವರೆಗೆ ಓಣಿಯ ಹುಡುಗರೊಂದಿಗೆ ಕಬಡ್ಡಿಯೋ ಕ್ರಿಕೆಟ್ಟೋ ಸೈಕಲ್ಲೋ ಅವನಿಗೆ ಹೊಂದುವುದನ್ನು ಹಚ್ಚಿ. ಅವರಪ್ಪನೂ ದಿನಾ ಒಂದೇ ಹೊತ್ತಿಗೆ ಫೋನ್ ಮಾಡಿ ಮಾತಾಡಲಿ, ಬೈಯಲು ಮಾತ್ರ ಅಲ್ಲ.

ಆಟದ ಮೇಲೆ ಹಿಡಿತ ತಪ್ಪಿ, ಊಟ, ಓದು, ಗೆಳೆಯರಿಗಿಂತ ಅದೇ ಮೇಲಾಗಿ, ಕೆಡುಕು ಕಂಡರೂ ಬಿಡಲಾಗದೆ ವರ್ಷದಷ್ಟು ಕಾಲ ನಡೆದರೆ ಅದನ್ನು ವಿಶ್ವ ಆರೋಗ್ಯ ಸಂಸ್ಥೆ ಕಾಯಿಲೆ ಎಂದೇ ಗುರುತಿಸಿದೆ. ಮೈಮೇಲೆ ಬರುವ ಮಟ್ಟಕ್ಕೆ ಹೋಗಿರುವುದರಿಂದ ಅಲ್ಲಿಯವರೆಗೆ ಕಾಯಬೇಡಿ. 14416 ಟೆಲಿ ಮಾನಸ್ ಸಹಾಯವಾಣಿ, ಹಗಲು ರಾತ್ರಿ ಉಚಿತ, ಕನ್ನಡದಲ್ಲೇ ಮಾತಾಡುತ್ತಾರೆ. ಮೊದಲು ನೀವೇ ಕರೆ ಮಾಡಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೆಂದೇ ಶಟ್ ಕ್ಲಿನಿಕ್ ಇದೆ. ಆದರೆ ಮೊದಲ ಮೆಟ್ಟಿಲು ಜಿಲ್ಲಾ ಆಸ್ಪತ್ರೆಯ ಮನೋವೈದ್ಯರು.

ಹೋಂವರ್ಕ್ ವಾಟ್ಸಾಪಿನಲ್ಲಿ ಹಾಕುವುದು ನಿಲ್ಲಿಸಬೇಕೆ? ಶಾಲೆಯಲ್ಲಿ ನಾವೇ ಕಣ್ಣು ಪರೀಕ್ಷಿಸಬಹುದೇ?
— ಮುಖ್ಯಗುರುಗಳು, ಹುನಗುಂದ ತಾಲೂಕು

ನಿಲ್ಲಿಸಿ. ಒಂದು ಲೆಕ್ಕಕ್ಕಾಗಿ ಕೈಗೆ ಬಂದ ಫೋನು ಎರಡು ತಾಸು ಕೈ ಬಿಡುವುದಿಲ್ಲ. ಬೋರ್ಡ್ ಮೇಲೆ ಬರೆದು ಡೈರಿಯಲ್ಲಿ ಇಳಿಸಿಕೊಳ್ಳಲು ಹತ್ತು ನಿಮಿಷ ಕೊಡಿ. ಆಗಲೇ ಯಾರು ಕಣ್ಣು ಕಿರಿದು ಮಾಡುತ್ತಾರೆ, ಯಾರು ಪಕ್ಕದವರ ವಹಿ ನೋಡಿ ಬರೆಯುತ್ತಾರೆ ಎಂಬುದೂ ಕಾಣುತ್ತದೆ. ಬೋರ್ಡಿನ ಅಕ್ಷರ ಎರಡು ಇಂಚು ಇರಲಿ. ಬಿಡುವಿನಲ್ಲಿ ಕೋಣೆಗಳಿಗೆ ಕೀಲಿ ಹಾಕಿ ಎಲ್ಲರನ್ನೂ ಗಿಡದ ನೆರಳಿಗೆ ಕಳಿಸಿ.

ಪರೀಕ್ಷೆ ಮಾಡಬಹುದು. ಇ-ಅಕ್ಷರದ ಚಾರ್ಟನ್ನು ಬೆಳಕಿರುವ ಗೋಡೆಗೆ ಮಗುವಿನ ಕಣ್ಣಿನ ಮಟ್ಟದಲ್ಲಿ ಹಚ್ಚಿ, ಟೇಪಿನಿಂದ 6 ಮೀಟರ್ ಅಳೆದು ಸುಣ್ಣದ ಗೆರೆ ಎಳೆಯಿರಿ. ಚಾರ್ಟಿನಲ್ಲಿ 6/9 ಎಂದು ಗುರುತು ಮಾಡಿದ ಸಾಲಿನ ಅಕ್ಷರ ಸುಮಾರು 13 ಮಿ.ಮೀ. ಎತ್ತರವಿರಬೇಕು, ಝೆರಾಕ್ಸ್ ಮಾಡಿಸಿದರೆ ಅಳೆದು ನೋಡಿ, ಬಹಳ ಸಲ ಕುಗ್ಗಿರುತ್ತದೆ. ಒಂದೊಂದೇ ಕಣ್ಣು ನೋಡಬೇಕು. ಕೈಯಿಂದ ಮುಚ್ಚಿದರೆ ಬೆರಳ ಸಂದಿಯಿಂದ ಇಣುಕುತ್ತಾರೆ, ಒತ್ತಿ ಹಿಡಿದರೆ ಆ ಕಣ್ಣು ಆಮೇಲೆ ಮಸಕಾಗುತ್ತದೆ. ರಟ್ಟಿನ ತುಂಡು ಕೊಡಿ. ಒಂದು ಕಣ್ಣು ಚಲೋ ಇದ್ದು ಇನ್ನೊಂದು ಮಂದವಿರುವ ಮಗುವಿಗೆ ತನಗೆ ಕಾಣುವುದಿಲ್ಲ ಎಂಬುದೇ ಗೊತ್ತಿರುವುದಿಲ್ಲ. ಅಂಥ ಕಣ್ಣಿಗೆ ಏಳೆಂಟು ವರ್ಷದೊಳಗೆ ಚಿಕಿತ್ಸೆಯಾದರೆ ಒಳ್ಳೆಯ ಫಲ, ತಡವಾದಷ್ಟೂ ಕಷ್ಟ. ಹಾಗಾಗಿ ಒಂದನೇ ಎರಡನೇ ಇಯತ್ತೆಯಿಂದ ಶುರು ಮಾಡಿ. ಆ 6/9 ಸಾಲು ಓದಲಾಗದವರ ಪಟ್ಟಿಯನ್ನು ಆರ್‌ಬಿಎಸ್‌ಕೆ ತಂಡಕ್ಕೆ ಕೊಡಿ. ಶಾಲಾ ಮಕ್ಕಳಿಗೆ ಸರ್ಕಾರದಿಂದ ಉಚಿತ ಚಷ್ಮಾ ಇದೆ.

ಗಜ್ಜರಿ ತಿಂದರೆ, ಕಣ್ಣಿಗೆ ಹರಳೆಣ್ಣೆ ಬಿಟ್ಟರೆ ನಂಬರ್ ಇಳಿಯುತ್ತದೆಯೇ?
— ಮುದ್ದೇಬಿಹಾಳ, ಜಮಖಂಡಿ, ಗೋಕಾಕದಿಂದ ಹಲವರು

ಇಳಿಯುವುದಿಲ್ಲ. ಗಜ್ಜರಿ, ಮೆಂತ್ಯ, ನುಗ್ಗೆಸೊಪ್ಪು, ಪಪ್ಪಾಯಿಯಲ್ಲಿರುವ ಎ ಜೀವಸತ್ವ ಇರುಳುಗಣ್ಣು ತಡೆಯುತ್ತದೆ, ಗುಡ್ಡೆಯ ಉದ್ದಕ್ಕೂ ಅದಕ್ಕೂ ಸಂಬಂಧವಿಲ್ಲ. ಐದು ವರ್ಷದೊಳಗಿನ ಮಕ್ಕಳಿಗೆ ಅಂಗನವಾಡಿಯಲ್ಲಿ ಕುಡಿಸುವ ಎ ಜೀವಸತ್ವದ ಡೋಸು ತಪ್ಪಿಸಬೇಡಿ. ಮನೆಯ ಎಣ್ಣೆ, ಜೇನುತುಪ್ಪ, ಉಳ್ಳಾಗಡ್ಡಿ ರಸ, ಎದೆಹಾಲು ಯಾವುದನ್ನೂ ಕಣ್ಣಿಗೆ ಬಿಡಬೇಡಿ. ಸೋಂಕು ತಗಲಿ ಕರಿಗುಡ್ಡೆಯ ಮೇಲೆ ಹುಣ್ಣಾದರೆ ಬಿಳಿ ಕಲೆ ಉಳಿದುಬಿಡುತ್ತದೆ. ಕಣ್ಣಿಗೆ ಧೂಳು ಬಿದ್ದರೆ ಕುಡಿಯುವ ಶುದ್ಧ ನೀರಿನಿಂದ ತೊಳೆಯಿರಿ, ತಿಕ್ಕಬೇಡಿ.